ಅರ್ಧ ವ್ಯಾಟಿನ ದನಿ

ಕನ್ನಡ ಎಂ.ಎ. ಮಾಡಿದವನಿಗೆ ಈ ಲೋಕದಲ್ಲಿ ತಿಳಿದಿರಬೇಕಾದ ‘ವರ್ಧನ’ರು ಒಬ್ಬರೇ, ಅವರು ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನರು. ಧ್ವನಿಯೇ ಕಾವ್ಯದ ಆತ್ಮವೆಂದು ಸಾರಿದ ಆ ಮಹಾನುಭಾವರ ಮತವನ್ನು ನಾನು ಹದಿಮೂರು ವರ್ಷಗಳಿಂದ ಚಿಕ್ಕೋಡಿಯ ಕಾಲೇಜೊಂದರಲ್ಲಿ ಬಿ.ಎ. ತರಗತಿಗಳಿಗೆ ಪಾಠ ಹೇಳುತ್ತ ಬಂದಿದ್ದೇನೆ. ‘ಧ್ವನಿವರ್ಧಕ’ವೆಂಬ ಇನ್ನೊಂದು ವಸ್ತುವಿನ ಗೊಡವೆಗೆ ಮೂವತ್ತೆಂಟನೆಯ ವಯಸ್ಸಿನಲ್ಲಿ ಬೀಳುವೆನೆಂದೂ, ಅದನ್ನು ಕೈಯಾರೆ ಕಟ್ಟುವೆನೆಂದೂ, ಕಟ್ಟುವಾಗ ಎಡಗೈಯ ಎರಡು ಬೆರಳುಗಳನ್ನು ಸುಟ್ಟುಕೊಳ್ಳುವೆನೆಂದೂ ಯಾರಾದರೂ ಭವಿಷ್ಯ ನುಡಿದಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಹಾಗೆ ನಗುವ ಹಕ್ಕು ಮಾತ್ರ ನನಗೆ ಕಿಂಚಿತ್ತೂ ಇರಲಿಲ್ಲ. ಏಕೆಂದರೆ ನಾನು ಹುಟ್ಟಿದ್ದೇ ಧ್ವನಿವರ್ಧಕದ ಮನೆಯಲ್ಲಿ.

ನಮ್ಮ ತಂದೆ ರಾಯಬಾಗದಲ್ಲಿ ಮೈಕ್‌ಸೆಟ್ಟಿನ ಅಂಗಡಿ ನಡೆಸಿದವರು. ಮದುವೆಯಿರಲಿ, ಪುರಾಣವಿರಲಿ, ನಾಟಕವಿರಲಿ, ಚುನಾವಣೆಯಿರಲಿ, ಸುತ್ತಲಿನ ಹಳ್ಳಿಗಳಲ್ಲಿ ನಮ್ಮ ಭೋಂಗಾ ಬಾಯಿ ತೆರೆದ ಮೇಲೆಯೇ ಕಾರ್ಯಕ್ಕೆ ಕಳೆ. ಭೋಂಗಾ ಎಂದರೆ ಮರದ ಮೇಲೋ ಮಾಳಿಗೆಯ ಮೇಲೋ ಕಟ್ಟುವ, ಉಮ್ಮತ್ತಿಯ ಹೂವಿನಂತೆ ಬಾಯಿ ಅರಳಿದ ಹಾರ್ನ್. ಮಾಘದ ಹುಣ್ಣಿಮೆಯ ಸುಮಾರಿಗೆ ಚಿಂಚಲಿಯ ಮಾಯಕ್ಕನ ಜಾತ್ರೆ ಬಂತೆಂದರೆ ಅಂಗಡಿಯ ಭೋಂಗಾಗಳೆಲ್ಲ ಟೆಂಪೋ ಏರುತ್ತಿದ್ದವು. ಭಂಡಾರದ ಹಳದಿ ಧೂಳಿನಲ್ಲಿ, ಡೊಳ್ಳುಗಳ ನಡುವೆ, ಎರಡು ರಾಜ್ಯಗಳ ಜನ ನೆರೆದ ಆ ಗದ್ದಲದಲ್ಲಿ ಯಾವ ಭೋಂಗಾ ಬದುಕಿದೆ, ಯಾವುದು ಸತ್ತಿದೆ ಎಂದು ಕಿವಿಯಿಂದ ತಿಳಿಯುವುದು ಸಾಧ್ಯವಿರಲಿಲ್ಲ. ತಂದೆ ಏಣಿ ಹತ್ತಿ ಒಂದೊಂದರ ಬೆನ್ನಿನ ಮೇಲೂ ಅಂಗೈಯಿಟ್ಟು, ವೈದ್ಯರು ನಾಡಿ ನೋಡಿದಂತೆ ಒಂದು ಕ್ಷಣ ಕಣ್ಣು ಮುಚ್ಚಿ, ‘ಇದು ಐತಿ’, ‘ಇದು ಹೋತು’ ಎಂದು ತೀರ್ಪು ಕೊಡುತ್ತಿದ್ದರು.

ಶಾಲೆಯಲ್ಲಿ ಹುಡುಗರು ನನಗೆ ‘ಭೋಂಗಾ’ ಎಂದೇ ಹೆಸರಿಟ್ಟಿದ್ದರು. ಬೆಸುಗೆಯ ಕಡ್ಡಿ ಹಿಡಿಯುವುದನ್ನು ಕಲಿಸಲು ತಂದೆ ಎರಡು ಸಲ ಯತ್ನಿಸಿದರು. ಎರಡು ಸಲವೂ ನಾನು ಪುಸ್ತಕವೊಂದನ್ನು ನೆಪಮಾಡಿಕೊಂಡು ಎದ್ದುಹೋದೆ. ಮೂರನೆಯ ಸಲ ಅವರು ಕರೆಯಲಿಲ್ಲ. ನಾನು ಸಾಹಿತ್ಯವನ್ನು ಆರಿಸಿಕೊಂಡುದರಲ್ಲಿ ಸಾಹಿತ್ಯದ ಮೇಲಣ ಪ್ರೀತಿ ಎಷ್ಟು, ಆ ಗದ್ದಲದ ಮೇಲಣ ಮುನಿಸು ಎಷ್ಟು ಎಂದು ತೂಗಿನೋಡುವ ಧೈರ್ಯ ನನಗೆ ಇಂದಿಗೂ ಇಲ್ಲ.

ನಲವತ್ತು ವರ್ಷ ಭೋಂಗಾದ ಕೆಳಗೆ ಬಾಳಿದ ಕಿವಿಗೆ ಆಗಬೇಕಾದುದೇ ಆಯಿತು. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಸೂಕ್ಷ್ಮ ಕಣಗಳಿವೆ. ಅತಿಯಾದ ಸದ್ದಿಗೆ ಅವು ಬಾಡುತ್ತವೆ; ಬಾಡಿದವು ಮನುಷ್ಯನಲ್ಲಿ ಮತ್ತೆ ಚಿಗುರುವುದಿಲ್ಲ. ಮೊದಲು ಹೋಗುವುವು ಮೇಲಿನ ದನಿಗಳು: ಸಕಾರ ಶಕಾರಗಳು, ಹಕ್ಕಿಯ ಕೂಗು, ಮಕ್ಕಳ ಮಾತು. ಅವ್ವ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ, ಒಂದು ತಗಡಿನ ಟ್ರಂಕಿನೊಡನೆ ಅವರು ಚಿಕ್ಕೋಡಿಗೆ ನಮ್ಮ ಮನೆಗೆ ಬಂದಾಗ ಅವರಿಗೆ ಕೇಳಿಸುತ್ತಿದ್ದುದು ಅತಿ ಕಡಿಮೆ. ಕಿವಿಯಂತ್ರ ಕೊಡಿಸಿದೆವು. ‘ಎಲ್ಲಾನೂ ಒಂದಽ ಸಮ ದೊಡ್ಡದು ಮಾಡತೈತಿ, ಮಾತಿಗಿಂತ ಭಾಂಡೆ ಸಪ್ಪಳಾನ ಜಾಸ್ತಿ’ ಎಂದು ಅದನ್ನು ಮೇಜಿನ ಸೆಳೆಖಾನೆಯಲ್ಲಿಟ್ಟರು. ಅಂದಿನಿಂದ ನಾವು ಕೂಗಿಯೇ ಮಾತನಾಡಬೇಕಾಯಿತು. ವಾಚಕರಲ್ಲಿ ಇಂಥ ಹಿರಿಯರು ಮನೆಯಲ್ಲಿರುವವರಿಗೆ ಇದರ ಕಷ್ಟ ಗೊತ್ತು. ಕೂಗಿ ಆಡಿದ ಮಾತೆಲ್ಲ ಜಗಳದಂತೆ ಕೇಳಿಸುತ್ತದೆ. ಪ್ರೀತಿಯ ಮಾತನ್ನು ಕೂಗಿ ಹೇಳುವುದು ಹೇಗೆ? ಕ್ರಮೇಣ ನಮ್ಮಿಬ್ಬರ ಸಂಭಾಷಣೆ ‘ಊಟ’, ‘ಗುಳಿಗೆ’, ‘ದೀಪ ಆರಿಸಲೇ’ ಎಂಬ ಮೂರು ಮಾತುಗಳಿಗೆ ಇಳಿದು ನಿಂತಿತು.

ಹೀಗಿರಲು ನಮ್ಮ ಮನೆಗೆ ಗಿಟಾರ್ ಬಂತು. ಆರನೆಯ ತರಗತಿಯಲ್ಲಿ ಓದುವ ಮಗಳಿಗೆ ಸಂಗೀತ ಕಲಿಸಬೇಕೆಂದು ನನ್ನ ಶ್ರೀಮತಿಯ ಹಟ. ಕಾಗವಾಡ ದಾಟಿದರೆ ಮಿರಜ. ಅಬ್ದುಲ್ ಕರೀಂ ಖಾನ್ ಸಾಹೇಬರು ೧೯೩೭ರಲ್ಲಿ ತೀರಿಕೊಳ್ಳುವ ತನಕ ಬಾಳಿದ ಊರು. ತಲೆಮಾರುಗಳಿಂದ ಸಿತಾರ, ತಂಬೂರಿಗಳನ್ನು ಮಾಡುವ ಮನೆತನಗಳ ಊರು. ಅಲ್ಲಿಯ ಸಿತಾರಕ್ಕೂ ತಂಬೂರಿಗೂ ೨೦೨೪ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ತಂಬೂರಿಯ ಗಂಭೀರ ನಾದವನ್ನು ಕೇಳಿದರೆ ಹುಡುಗಿಯ ಮನಸ್ಸು ತಾನಾಗಿಯೇ ಒಲಿಯುವುದೆಂದು ನಾನು ಅವಳನ್ನು ಅಲ್ಲಿಗೆ ಕರೆದೊಯ್ದೆ. ಹುಡುಗಿ ತಂಬೂರಿಗಳಿಗೆಲ್ಲ ಭಕ್ತಿಯಿಂದ ನಮಸ್ಕಾರ ಮಾಡಿ, ಮರಳುವ ದಾರಿಯಲ್ಲಿ ಇನ್ನೊಂದು ಅಂಗಡಿಯ ಮೂಲೆಯಲ್ಲಿ ತೂಗಾಡುತ್ತಿದ್ದ, ಯಾರೋ ಬಳಸಿ ಬಿಟ್ಟ ಕೆಂಪು ಬಣ್ಣದ ವಿದ್ಯುತ್ ಗಿಟಾರನ್ನು ಅಪ್ಪಿಕೊಂಡು ನಿಂತುಬಿಟ್ಟಳು. ತಂಬೂರಿಗೆ ಹೋದವರು ಗಿಟಾರ್ ಹೊತ್ತು ಬಂದೆವು.

ಮನೆಗೆ ಬಂದು ಮೀಟಿದರೆ ಆ ವಾದ್ಯಕ್ಕೆ ದನಿಯೇ ಇಲ್ಲ! ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸದ್ದು. ಇದರ ಕಾರಣ ತಿಳಿದಾಗ ನನಗೆ ಬಹಳ ಸೋಜಿಗವಾಯಿತು. ತಂಬೂರಿಗೆ ಸೋರೆಬುರುಡೆಯ ಹೊಟ್ಟೆಯುಂಟು. ಎಲ್ಲಮ್ಮನ ಜೋಗತಿಯರ ಚೌಡಿಕೆಗೂ ತೊಗಲು ಬಿಗಿದ ಹೊಟ್ಟೆಯುಂಟು. ತಂತಿಯ ಕಂಪನವನ್ನು ಆ ಹೊಟ್ಟೆ ಹಿಡಿದು ಗಾಳಿಗೆ ಒಪ್ಪಿಸುತ್ತದೆ. ವಿದ್ಯುತ್ ಗಿಟಾರ್ ಹೊಟ್ಟೆಯಿಲ್ಲದ ವಾದ್ಯ. ಅಮೇರಿಕೆಯಲ್ಲಿ ೧೯೩೧–೩೨ರ ಸುಮಾರಿಗೆ ಹುಟ್ಟಿದ ಇದರ ಪೂರ್ವಜವೊಂದಕ್ಕೆ ಅದರ ಆಕಾರ ನೋಡಿ ಜನ ‘ಬಾಣಲೆ’ಯೆಂದೇ ಹೆಸರಿಟ್ಟಿದ್ದರಂತೆ. ಇದರ ತಂತಿಗಳ ಕೆಳಗೆ ಅಯಸ್ಕಾಂತಗಳಿರುತ್ತವೆ; ಅವುಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ನಡುಗಿದರೆ ಆ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹಿಗ್ಗಿಸಿ ಸ್ಪೀಕರಿಗೆ ಉಣಿಸುವ ಧ್ವನಿವರ್ಧಕವೇ ಈ ವಾದ್ಯದ ಹೊಟ್ಟೆ. ನಾವು ತಲೆಯನ್ನು ತಂದು ಹೊಟ್ಟೆಯನ್ನು ಅಂಗಡಿಯಲ್ಲಿಯೇ ಬಿಟ್ಟು ಬಂದಿದ್ದೆವು.

ಮನೆಯಲ್ಲಿ ತಂದೆಯ ಹಳೆಯ ೪೦ ವ್ಯಾಟಿನ ಮೈಕ್‌ಸೆಟ್ಟೊಂದು ಉಳಿದಿತ್ತು. ಅದಕ್ಕೇ ಜೋಡಿಸಿದೆವು. ಸಂಜೆ ಏಳು ಗಂಟೆಯ ಹೊತ್ತು. ಮಗಳು ತನ್ನ ಎಳೆಯ ಬೆರಳುಗಳಿಂದ ತಪ್ಪುತ್ತ ತಡವರಿಸುತ್ತ ನುಡಿಸಿದ ಮೊದಲ ಪಾಠವನ್ನು ನಮ್ಮ ಓಣಿಯೆಲ್ಲ ಕೇಳಿತು. ಎದುರು ಮನೆಯ ನಿವೃತ್ತ ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ಪ್ರತ್ಯಕ್ಷರಾಗಿ, ‘ಸರ್, ರಾತ್ರಿ ಹತ್ತರ ಅನಂತರ ಲೌಡ್‌ಸ್ಪೀಕರ್ ಕೂಡದೆಂದು ೨೦೦೦ದ ನಿಯಮ ಹೇಳುತ್ತದೆ. ಸಂಜೆ ಏಳಕ್ಕೂ ಕೂಡದೆಂದು ಹೇಳುವವನು ನಾನು’ ಎಂದರು. ಮರುದಿನ ಶಾಲೆಯಲ್ಲಿ ಗೆಳತಿಯರು ಅವಳ ತಪ್ಪುಗಳನ್ನು ಬಾಯಿಂದ ನುಡಿಸಿ ತೋರಿಸಿದರಂತೆ. ಗಿಟಾರ್ ತನ್ನ ಚೀಲದೊಳಗೆ ಹೋಯಿತು; ಮೂರು ವಾರ ಹೊರಗೆ ಬರಲಿಲ್ಲ. ಕೇಳಿದರೆ, ‘ನನಗ ಬ್ಯಾಡ ಬಿಡ್ರಿ ಅಪ್ಪಾ’ ಎಂಬ ಒಂದೇ ಮಾತು.

ನನಗೆ ನನ್ನ ‘ಭೋಂಗಾ’ ದಿನಗಳ ನೆನಪಾಯಿತು. ಕಲಿಯುವವರಿಗೆ ಗುರುವಿಗಿಂತ ಮೊದಲು ಬೇಕಾದುದು ತಪ್ಪು ಮಾಡಲು ಒಂದು ಮರೆ. ತೊಟ್ಟಿಲ ಕೂಸಿನ ತೊದಲನ್ನು ಊರಿಗೆ ಕೇಳಿಸುವವರುಂಟೇ? ಈ ಹುಡುಗಿಗೆ ಬೇಕಾದುದು ಒಂದು ಕೋಣೆಯಷ್ಟೇ ದನಿ.

ನಮ್ಮ ಭೌತಶಾಸ್ತ್ರದ ಸಹೋದ್ಯೋಗಿಗಳಲ್ಲಿ ದುಃಖ ತೋಡಿಕೊಂಡೆ. ಅವರು ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಿನ ಮೇಲೆ ನಕ್ಷೆಯೊಂದನ್ನು ಬರೆದುಕೊಟ್ಟರು. ‘ಅರ್ಧ ವ್ಯಾಟ್ ಸಾಕು’ ಎಂದರು. ನಲವತ್ತೆಲ್ಲಿ, ಅರ್ಧವೆಲ್ಲಿ ಎಂದು ನಾನು ಬೆರಗಾಗಲು ಅವರು ಕಿವಿಯ ಔದಾರ್ಯವನ್ನು ವಿವರಿಸಿದರು. ಶಕ್ತಿಯನ್ನು ಹತ್ತು ಮಡಿ ಹೆಚ್ಚಿಸಿದರೆ ನಮ್ಮ ಕಿವಿಗೆ ಸದ್ದು ಸುಮಾರು ಎರಡು ಮಡಿಯಾದಂತೆ ಮಾತ್ರ ತೋರುತ್ತದೆ. ೪೦ ವ್ಯಾಟ್ ಅರ್ಧ ವ್ಯಾಟಿನ ೮೦ ಮಡಿ. ಆದರೂ ಅದು ಕೇಳಿಸುವುದು ಹೆಚ್ಚೆಂದರೆ ನಾಲ್ಕು ಮಡಿ ಜೋರಾಗಿ. ಆದುದರಿಂದ ಅರ್ಧ ವ್ಯಾಟು ಒಂದು ಕೋಣೆಯನ್ನು ಧಾರಾಳವಾಗಿ ತುಂಬುತ್ತದೆ. ಓಣಿಗೆ ಹೋಗುವ ತ್ರಾಣ ಅದಕ್ಕಿರುವುದಿಲ್ಲ. ‘ಹೆಡ್‌ಫೋನ್ ಕೊಡಿಸಿರಿ, ಇಲ್ಲವೆ ಸಿದ್ಧವಾದುದನ್ನು ತರಿಸಿರಿ’ ಎಂದವರೂ ಇದ್ದರು. ಹನ್ನೊಂದು ವರ್ಷದ ಕಿವಿಗೆ ಸದ್ದನ್ನು ಒತ್ತಿ ಕಟ್ಟಲು, ನಮ್ಮ ಮನೆಯಲ್ಲಿ ಇನ್ನೊಂದು ಕಿವಿಯ ಗತಿಯನ್ನು ಕಂಡ ನನಗೆ ಮನಸ್ಸು ಬರಲಿಲ್ಲ. ಇನ್ನು ಸಿದ್ಧವಸ್ತುವಿನ ಮಾತು: ಸಹೋದ್ಯೋಗಿಗಳು ನಕ್ಷೆ ಕೊಡುವಾಗ ‘ಕನ್ನಡದವರಿಂದ ಆದೀತೇ?’ ಎಂದು ಮುಗುಳ್ನಕ್ಕಿದ್ದರು. ಭಾಷಾಭಿಮಾನವೆಂಬುದು ಎಲ್ಲೆಲ್ಲಿ ಎಚ್ಚರಗೊಳ್ಳುತ್ತದೆಯೆಂದು ಹೇಳಬರುವುದಿಲ್ಲ.

ಮುಂದಿನ ಆದಿತ್ಯವಾರ ಕೆಂಪು ಬಸ್ಸಿನಲ್ಲಿ ನಿಪ್ಪಾಣಿಗೆ ಹೋದೆ. ತಂಬಾಕಿನ ಪೇಟೆಯ ಘಾಟಿನ ನಡುವೆ ಟಿ.ವಿ., ರೇಡಿಯೋ ರಿಪೇರಿಯ ಒಂದು ಸಣ್ಣ ಅಂಗಡಿ. ಎಲ್.ಎಂ. ೩೮೬ ಎಂಬ ಎಂಟು ಕಾಲಿನ ಕಪ್ಪು ಚಿಪ್ಪನ್ನು ಅಂಗಡಿಯವರು ಅಂಗೈಯಲ್ಲಿಟ್ಟಾಗ ಸತ್ತ ಜೀರುಂಡೆಯಂತೆ ಕಂಡಿತು. ಬೆಲೆ ಒಂದು ಚಹ, ಒಂದು ತಟ್ಟೆ ಭಜಿಯದು. ೪ರಿಂದ ೧೨ ವೋಲ್ಟಿನವರೆಗೆ ಎಷ್ಟು ಕೊಟ್ಟರೂ ಅದಕ್ಕೆ ತೃಪ್ತಿ. ಬಂದ ಸಂಕೇತವನ್ನು ೨೦ ಮಡಿ ಹಿಗ್ಗಿಸುವುದು ಅದರ ಸಹಜಗುಣ. ಒಂದನೆಯ ಮತ್ತು ಎಂಟನೆಯ ಕಾಲುಗಳ ನಡುವೆ ೧೦ ಮೈಕ್ರೋಫ್ಯಾರಡ್‌ನ ಕಂಡೆನ್ಸರ್ ಇಟ್ಟರೆ ೨೦೦ ಮಡಿ. ಆದರೆ ಗಿಟಾರಿನ ಸುರುಳಿ ಬಲು ಸಂಕೋಚದ ಸ್ವಭಾವದ್ದು. ನೇರವಾಗಿ ಈ ಚಿಪ್ಪಿಗೆ ಕಟ್ಟಿದರೆ ಅದರ ಮೇಲುದನಿಯೆಲ್ಲ ಮಂಕಾಗುತ್ತದೆ. ಆದುದರಿಂದ ನಡುವೆ ಮೃದುವಾಗಿ ಮಾತನಾಡಿಸುವ ಬೀಗರಂತೆ ಒಂದು ಫೆಟ್ ಟ್ರಾನ್ಸಿಸ್ಟರನ್ನೂ ಅದರ ಬಾಗಿಲಿಗೆ ಹತ್ತು ಲಕ್ಷ ಓಮಿನ ಒಂದು ರೆಸಿಸ್ಟರನ್ನೂ ಇಡಬೇಕು. ರೆಸಿಸ್ಟರುಗಳ ಮೈಮೇಲಿನ ಬಣ್ಣದ ಪಟ್ಟಿಗಳು ನನಗೆ ಹಿಡಿಸಿದವು. ಕಂದು, ಕಪ್ಪು, ಹಸಿರು ಎಂದರೆ ಹತ್ತು ಲಕ್ಷ. ಕಂದು, ಕಪ್ಪು, ಕೆಂಪು ಎಂದರೆ ಒಂದು ಸಾವಿರ. ಗುರು ಲಘುಗಳನ್ನು ಹಾಕಿ ಗಣ ವಿಂಗಡಿಸಿದವನಿಗೆ ಇದೇನು ದೊಡ್ಡ ಮಾತು?

ದೊಡ್ಡ ಮಾತೆಂದರೆ ಬೆಸುಗೆ. ತಂದೆಯ ಟ್ರಂಕಿನಿಂದ ಮರದ ಹಿಡಿಕೆಯ ಕಡ್ಡಿಯನ್ನೂ ಹಳೆಯ ರೇಡಿಯೋದ ನಾಲ್ಕು ಅಂಗುಲದ, ೮ ಓಮಿನ ಸ್ಪೀಕರನ್ನೂ ಹೇಳದೆ ಕೇಳದೆ ತೆಗೆದುಕೊಂಡೆ. ಕೂಗಿ ಕೇಳುವ ಬೇಸರವೊಂದು. ಇಪ್ಪತ್ತೈದು ವರ್ಷದ ಹಿಂದೆ ಬೇಡವೆಂದುದನ್ನು ಇಂದು ಬೇಡುವ ನಾಚಿಕೆ ಇನ್ನೊಂದು. ಅವರು ಮಂಚದ ಮೇಲಿನಿಂದ ನೋಡಿದರು, ಏನೂ ಅನ್ನಲಿಲ್ಲ.

ಮೂರು ರಾತ್ರಿ ದುಡಿದೆ. ತೂತುಗಳ ಹಲಗೆಯ ಮೇಲೆ ನಕ್ಷೆಯಂತೆಯೇ ಎಲ್ಲವೂ ಕುಳಿತವು. ೯ ವೋಲ್ಟಿನ ಬ್ಯಾಟರಿ ಸಿಕ್ಕಿಸಿ ಗುಂಡಿ ತಿರುಗಿಸಿದೆ. ಪಟ–ಪಟ–ಪಟ–ಪಟ! ಕೃಷ್ಣೆಯ ದಂಡೆಯಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ ನಮ್ಮ ಪಡಸಾಲೆಗೆ ಬಂದಂತಾಯಿತು. ಎಲ್ಲ ಬಿಚ್ಚಿ ಮತ್ತೆ ಜೋಡಿಸಿದೆ, ಮತ್ತೆ ಪಟಪಟ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಮಗಳು ಮೆಲ್ಲಗೆ ಒಳಗೆ ಹೋದಳು. ಅವಳು ನಗದೆ ಹೋದುದೇ ನನಗೆ ಹೆಚ್ಚು ನೋವು ತಂದಿತು.

ನಾಲ್ಕನೆಯ ರಾತ್ರಿ ತಂದೆ ಮಂಚದಿಂದ ಇಳಿದು ಬಂದು ನನ್ನ ಎದುರು ಚಾಪೆಯ ಮೇಲೆ ಕುಳಿತರು. ಕೈಚಾಚಿ, ಸ್ಪೀಕರಿನ ಕಾಗದದ ಎದೆಯ ಮೇಲೆ ಅಂಗೈಯನ್ನು ಹಗುರವಾಗಿಟ್ಟು ಕಣ್ಣು ಮುಚ್ಚಿದರು. ಚಿಂಚಲಿಯ ಏಣಿಯ ಮೇಲೆ ಕಂಡ ಅದೇ ಮುಖ.

‘ಇದು ಕೆಟ್ಟಿಲ್ಲೋ ತಮ್ಮಾ. ಹಸಿದೈತಿ’ ಎಂದರು.

ನಾನು ಅವರ ಮುಖ ನೋಡಿದೆ.

‘ಬ್ಯಾಟರಿ ಸಣ್ಣ ಭಾವಿ. ಇದು ಒಮ್ಮೆಲೆ ಗಬಗಬ ಕುಡಿಯಾಕ ಹೋಗತೈತಿ, ಭಾವಿ ಬತ್ತತೈತಿ. ನೀರು ಬರೂತನಕ ಸುಮ್ಮ ಕುಂದರತೈತಿ, ಮತ್ತ ಕುಡೀತೈತಿ. ಅದಕ್ಕಽ ಈ ಪಟಪಟ. ಇದರ ಬಾಯಿ ಹತ್ತರ ಒಂದು ಟಾಕಿ ಕಟ್ಟು. ಮುಂದಿನ ಸಣ್ಣ ಟ್ರಾನ್ಸಿಸ್ಟರಿಗೆ ಬ್ಯಾರೆ ಟಾಕಿ, ಸಣ್ಣ ನಳ.’

ಟಾಕಿಯೆಂದರೆ ಕಂಡೆನ್ಸರ್, ನಳವೆಂದರೆ ರೆಸಿಸ್ಟರ್ ಎಂದು ಅವರ ಬೆರಳು ತೋರಿಸಿತು. ಚಿಪ್ಪಿನ ಕಾಲಿನ ಬಳಿಯೇ ೨೨೦ ಮೈಕ್ರೋಫ್ಯಾರಡ್‌ನದೊಂದು; ಫೆಟ್ಟಿಗೆ ಹೋಗುವ ದಾರಿಯಲ್ಲಿ ಒಂದು ಸಾವಿರ ಓಮು, ಅದರ ತುದಿಗೆ ೧೦೦ ಮೈಕ್ರೋಫ್ಯಾರಡ್. ಇಂಥ ರೋಗಕ್ಕೆ ಎಂಜಿನಿಯರುಗಳು ಮೋಟಾರ್‌ಬೋಟಿನ ಹೆಸರನ್ನೇ ಇಟ್ಟಿದ್ದಾರೆಂದು ಸಹೋದ್ಯೋಗಿಗಳು ಆಮೇಲೆ ತಿಳಿಸಿದರು. ಚಿಕಿತ್ಸೆಯೂ ಅಕ್ಷರಶಃ ಇದೇ.

ತಂದೆಯ ಕೈ ಈಗ ನಡುಗುತ್ತದೆ, ಬೆಸುಗೆ ಅವರಿಂದಾಗದು. ಆದುದರಿಂದ ನನ್ನ ಮುಂಗೈ ಹಿಡಿದುಕೊಂಡರು. ‘ಕಡ್ಡಿ ಸೀಸಕ್ಕ ಹಚ್ಚಬ್ಯಾಡ. ಮದಲ ತಾಮ್ರ ಬಿಸಿ ಮಾಡು, ಆಮ್ಯಾಲ ಸೀಸ ತಾನಽ ಹರಿತೈತಿ. ಬಿಸಿ ಆಗದ್ದಕ್ಕ ಸೀಸ ಇಟ್ಟರ ಅಂಟಿದಂಗ ಕಾಣತೈತಿ, ಒಳಗ ಅಂಟಿರೂದಿಲ್ಲ.’ ನಾನು ಅದುವರೆಗೆ ಹಾಕಿದ್ದ ಬೆಸುಗೆಗಳಲ್ಲಿ ಐದನ್ನು ಬೆರಳ ತುದಿಯಿಂದ ತೋರಿಸಿ ಕೀಳಿಸಿದರು. ಆ ಎರಡು ತಾಸುಗಳಲ್ಲಿ ನಾನು ಒಮ್ಮೆಯೂ ಕೂಗಬೇಕಾಗಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಇಬ್ಬರ ಕಣ್ಣೂ ಒಂದೇ ಹಲಗೆಯ ಮೇಲಿದ್ದವು, ತೋರಿದರೆ ಸಾಕಾಗಿತ್ತು.

ಬೆಸುಗೆ ಆರುವ ತನಕ ತಂದೆ ತಮ್ಮಷ್ಟಕ್ಕೆ ಮಾತನಾಡಿದರು. ಅವರು ಕೊಂಡ ಮೊದಲ ಸೆಟ್ಟು ಯಾರೋ ಬಳಸಿದ ವಾಲ್ವಿನದು. ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆ ೧೯೬೧ರಲ್ಲಿ ವಾಲ್ವುಗಳನ್ನೂ ಮರುವರ್ಷ ಟ್ರಾನ್ಸಿಸ್ಟರುಗಳನ್ನೂ ಮಾಡತೊಡಗಿತ್ತು. ಆ ಹೆಸರಿನ ವಾಲ್ವು ಕೆಂಪಗೆ ಹೊತ್ತಿಕೊಂಡರೆ ಅದರ ಬೆಳಕಿನಲ್ಲಿ ಗಡಿಯಾರ ನೋಡಬಹುದಿತ್ತಂತೆ. ಜಾತ್ರೆಗಳಲ್ಲಿ ಮಧ್ಯರಾತ್ರಿ ಎಲ್ಲ ಭೋಂಗಾ ಆರಿಸಿದ ಮೇಲೆ ಅವರು ಟೆಂಪೋದ ಕೆಳಗೆ ಮಲಗಿ, ಸಣ್ಣ ಟ್ರಾನ್ಸಿಸ್ಟರ್ ರೇಡಿಯೋವನ್ನು ಎದೆಯ ಮೇಲಿಟ್ಟುಕೊಂಡು, ಸಿಕ್ಕಿದ ನಿಲಯದ ಹಾಡನ್ನು ತಮಗೊಬ್ಬರಿಗೇ ಕೇಳಿಸುವಷ್ಟು ಇಟ್ಟು ಕೇಳುತ್ತಿದ್ದರಂತೆ. ಮನೆಯಲ್ಲಿದ್ದ ದಿನ ಆಕಾಶವಾಣಿ ಧಾರವಾಡ. ನನಗೆ ಇದು ಗೊತ್ತೇ ಇರಲಿಲ್ಲ.

‘ನನಗೂ ಸಣ್ಣ ದನೀನಽ ಸೇರತಿತ್ತು’ ಎಂದರು. ‘ಆದರ ಮಂದಿ ರೊಕ್ಕ ಕೊಡತಿದ್ದದ್ದು ದೊಡ್ಡ ದನಿಗೆ. ನಿನ್ನ ಫೀ ಅದರಾಗಽ ಹೋತು.’

ಆ ಮಾತಿಗೆ ಉತ್ತರವನ್ನು ಕೂಗಿ ಹೇಳುವುದಕ್ಕೂ ಆಗಲಿಲ್ಲ, ಮೆಲ್ಲಗೆ ಹೇಳಿದರೆ ಕೇಳುತ್ತಲೂ ಇರಲಿಲ್ಲ. ನಾನು ಬ್ಯಾಟರಿಯನ್ನು ಸಿಕ್ಕಿಸಿದೆ.

ಪಟಪಟವಿಲ್ಲ. ದೂರದಲ್ಲಿ ಮಳೆ ಬಂದಂತೆ ಒಂದು ನವಿರಾದ ಸ್ಸ್ ಎಂಬ ಸದ್ದು, ಅಷ್ಟೇ. ನಿದ್ದೆಗಣ್ಣಿನ ಮಗಳನ್ನು ಎಬ್ಬಿಸಿ ಕರೆತಂದೆವು. ಅವಳು ಅಳುಕುತ್ತ ದಪ್ಪನೆಯ ಆರನೆಯ ತಂತಿಯನ್ನು ಮೀಟಿದಳು. ಸೆಕೆಂಡಿಗೆ ೮೨ ಸಲ ನಡುಗುವ ಆ ತಂತಿಯ ದನಿ ಕೋಣೆಯನ್ನು ತುಂಬಿ, ಬಾಗಿಲ ಹೊಸ್ತಿಲಲ್ಲಿ ನಿಂತಿತು. ತಂದೆಯ ಅಂಗೈ ಸ್ಪೀಕರಿನ ಮೇಲಿತ್ತು. ‘ಇದು ದಪ್ಪಂದು’ ಎಂದರು. ಅವಳು ಸಣ್ಣ ತಂತಿಯನ್ನು ಮೀಟಿದಳು. ‘ಇದು ಸಣ್ಣದು’ ಎಂದರು. ಸೆಕೆಂಡಿಗೆ ೨೫೦ರ ಆಸುಪಾಸಿನ ಕಂಪನಗಳಿಗೆ ಮನುಷ್ಯನ ಚರ್ಮ ಎಲ್ಲಕ್ಕಿಂತ ಹೆಚ್ಚು ಎಚ್ಚರವಾಗಿರುತ್ತದೆಯಂತೆ. ಗಿಟಾರಿನ ಮೊದಲ ತಂತಿ ನಡುಗುವುದು ೩೩೦ ಸಲ. ಹೀಗಾಗಿ ಕಿವಿ ಕೈಬಿಟ್ಟುದನ್ನು ಅಂಗೈ ಎತ್ತಿಕೊಂಡಿತ್ತು. ಹುಡುಗಿಗೆ ಇದು ಆಟವಾಯಿತು. ಬೇಕೆಂದೇ ನಡುವಿನ ತಂತಿಯೊಂದನ್ನು ಅರೆಬರೆ ಒತ್ತಿ ಮೀಟಿದಳು. ‘ದನಿ ಲಗೂನ ಸತ್ತಿತು. ಬಟ್ಟು ಗಟ್ಟಿ ಊರವ್ವಾ’ ಎಂದರು ಅಜ್ಜ. ಮೂರು ವಾರಗಳ ಮೇಲೆ ಅವಳು ನಕ್ಕಳು.

ಗಂಟೆಯನ್ನು ಬಡಿದ ಮೇಲೂ ಉಳಿಯುವ ಅನುರಣನದ ಹಾಗೆ, ನುಡಿದ ಅರ್ಥದ ಬೆನ್ನಿಗೆ ಧ್ವನಿಸುವ ಅರ್ಥವೊಂದಿದೆಯೆಂದು ಆನಂದವರ್ಧನರು ಹೇಳುತ್ತಾರೆ. ಅದನ್ನು ಹದಿಮೂರು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ‘ನಿನ್ನ ಫೀ ಅದರಾಗಽ ಹೋತು’ ಎಂಬ ಮಾತು ಇನ್ನೂ ನನ್ನೊಳಗೆ ನಿಂತಿಲ್ಲ.

ಆ ಹಲಗೆಯನ್ನೂ ಸ್ಪೀಕರನ್ನೂ ಹಳೆಯ ಮೇಜಿನ ಸೆಳೆಖಾನೆಯೊಂದರಲ್ಲಿ ಕೂಡಿಸಿ ಪೆಟ್ಟಿಗೆ ಮಾಡಿದೆವು. ಪರೀಕ್ಷಾ ಕಾರ್ಯಕ್ಕೆ ಅಥಣಿಗೆ ಹೋದಾಗ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಪೆಟ್ಟಿಗೆಗೊಂದು ತೊಗಲಿನ ಹಿಡಿಕೆ ಮಾಡಿಕೊಟ್ಟರು. ಲೋಕವೆಲ್ಲ ಕೊಲ್ಹಾಪುರಿಯೆಂದು ಕೊಳ್ಳುವ ಚಪ್ಪಲಿಗಳು ಅಥಣಿಯ ಕೈಗಳಿಂದಲೂ ಹುಟ್ಟುತ್ತವೆ. ೨೦೧೯ರಲ್ಲಿ ಅವಕ್ಕೆ ದೊರೆತ ಭೌಗೋಳಿಕ ಗುರುತಿನಲ್ಲಿ ನಮ್ಮ ಬೆಳಗಾವಿ ಜಿಲ್ಲೆಗೂ ಪಾಲುಂಟು. ಆ ಹಿರಿಯರಿಗೆ ಪೆಟ್ಟಿಗೆ ಯಾವುದಕ್ಕೆಂದು ಹೇಳಿದಾಗ, ‘ಇಷ್ಟು ಸಣ್ಣ ಮೈಕ್ ಯಾರಿಗೆ ಕೇಳಸತೈತ್ರೀ ಸರ?’ ಎಂದು ನಕ್ಕರು. ಕೇಳಬೇಕಾದವರಿಗೆ ಕೇಳುತ್ತದೆಯೆಂದು ಹೇಳಿ ಬಂದೆ.

ಈಗ ಪ್ರತಿ ಸಂಜೆ ಊಟವಾದ ಮೇಲೆ ಅಜ್ಜ ಮೊಮ್ಮಗಳು ಪೆಟ್ಟಿಗೆಯ ಎರಡು ಬದಿಗೆ ಕೂಡುತ್ತಾರೆ. ಅವಳ ಬೆರಳು ತಂತಿಯ ಮೇಲೆ, ಅವರ ಅಂಗೈ ಪೆಟ್ಟಿಗೆಯ ಮೇಲೆ. ನಾನು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಪಕ್ಕದಲ್ಲಿಯೇ ಇರುತ್ತೇನೆ. ಎದುರು ಮನೆಯ ಮುಖ್ಯೋಪಾಧ್ಯಾಯರು ಮೊನ್ನೆ ಬಂದು, ‘ಹುಡುಗಿ ನುಡಿಸುವುದನ್ನು ಬಿಟ್ಟಳೇ? ಪಾಪ, ನನ್ನಿಂದಾಯಿತು’ ಎಂದು ಮರುಗಿದರು.

ನಿನ್ನೆ ರಾತ್ರಿ ಒಂಬತ್ತೂವರೆ. ಪಾಠ ಚೆನ್ನಾಗಿ ಕೂಡಿಬಂದ ಹುರುಪಿನಲ್ಲಿ ಮಗಳು ಗುಂಡಿಯನ್ನು ಕೊಂಚ ಹೆಚ್ಚಿಗೆ ತಿರುಗಿಸಿದಳು. ನಲವತ್ತು ವರ್ಷ ಐದು ತಾಲ್ಲೂಕುಗಳ ನಿದ್ದೆ ಕೆಡಿಸಿದ ನಮ್ಮ ತಂದೆ ತಟ್ಟನೆ ಅಂಗೈ ತೆಗೆದು, ಬಾಗಿಲ ಕಡೆ ನೋಡಿ, ಬೆರಳನ್ನು ತುಟಿಯ ಮೇಲಿಟ್ಟು ಅಂದರು:

‘ಸಣ್ಣಗ ಮಾಡವ್ವಾ. ಮಂದಿ ಮಲಗಿರತಾರ.’